ಜಾರ್ಜಿಯಾ ದಾಟುವ ದಾರಿ

ಅಮೆರಿಕದ ಉತ್ತರದ ವಾರೆನ್‌ನಲ್ಲಿ ಕಾರ್ಖಾನೆ ಕೆಲಸಕ್ಕೆಂದು ಒಂಟಿಯಾಗಿದ್ದ ಗದಗಿನ ಕಲ್ಲಿನಾಥ ದಕ್ಷಿಣದ ಜಾರ್ಜಿಯಾ ರಾಜ್ಯ ದಾಟಿದ್ದು ಹಿಂದೆ ಒಂದೇ ಸಲ, ಅದೂ ಯಾರದೋ ಕಾರಿನ ಹಿಂದಿನ ಸೀಟಿನಲ್ಲಿ ಕೂತು. ಆ ದಾರಿಯ ಕತೆ ಮಾತ್ರ ವರ್ಷವರ್ಷಕ್ಕೂ ಉದ್ದವಾಗುತ್ತಿತ್ತು.

೧೯೭೪ರ ಡಿಸೆಂಬರ್. ಹತ್ತಿರದ ಊರು ಡಿಯರ್‌ಬಾರ್ನ್‌ನ ಇಂಜಿನಿಯರ್ ಕೇಶವ್ ಹೆಂಡತಿ ವತ್ಸಲಾಳೊಡನೆ ಇಂಟರ್‌ಸ್ಟೇಟ್ ಎಪ್ಪತ್ತೈದರ ಹೆದ್ದಾರಿ ಹಿಡಿದು ಜಾರ್ಜಿಯಾ ದಾಟಿ ಫ್ಲಾರಿಡಾಕ್ಕೆ ಹೊರಡುವವನಿದ್ದ. ಕ್ರಿಸ್‌ಮಸ್‌ಗೆ ಕಾರ್ಖಾನೆ ಮುಚ್ಚಿದರೆ ಕಲ್ಲಿನಾಥನಿಗೆ ರೂಮಿನಲ್ಲಿ ಮಾತಿಗೆ ಸಿಗುವುದು ಹೀಟರ್ ಒಂದೇ. ಅವರ ಕಾರಿನ ಹಿಂದಿನ ಸೀಟು ಖಾಲಿ ಇತ್ತು. ಆ ಸೀಟಿನ ಆಸೆಗೇ ಅವನು ಭಾನುವಾರ ಅವರ ಮನೆಯಲ್ಲಿ ಊಟಕ್ಕೆ ಕೂತು ಜಾರ್ಜಿಯಾದ ಕತೆ ಬಿಚ್ಚಿದ.

“ಅಲ್ಲಿ ಮಣ್ಣು ಎಷ್ಟು ಕೆಂಪಂದ್ರ, ಬಿಳಿ ಕಾರು ಒಳಗ ಹೋದ್ರ ಕೆಂಪು ಕಾರು ಹೊರಗ ಬರ್ತೈತಿ. ನಮ್ಮ ಗೆಳೆಯ ತನ್ನ ಕಾರು ಗುರುತು ಸಿಗಲಾರ್ದಕ್ಕ ಪೊಲೀಸರಿಗೆ ಫೋನ್ ಮಾಡಿದ.”

“ನೀವು ಬಿಡೋ ಬುರುಡೆಗೂ ಒಂದು ಮಿತಿ ಬೇಡ್ವಾ?” ವತ್ಸಲಾ ನಗುತ್ತ ಸಾರು ಬಡಿಸಿದಳು.

“ಕೇಳ್ರಿ ಅಕ್ಕಾರ. ಅಟ್ಲಾಂಟಾ ಇನ್ನೂ ಮುಂದಿರ್ತೈತಿ, ಕಾರ್ಟರ್ಸ್‌ವಿಲ್ ಕಡೆ ಹೈವೇನ ಮುಗೀತೈತಿ. ಎರಡೂ ಕಡೆಯಿಂದ ಹಾಕ್ಕೋತ ಬಂದು ನಡುವ ಡಾಂಬರು ತೀರೈತಿ. ಇಳಿದು ಹಳೇ ರೋಡ್ ಹಿಡೀಬೇಕು. ಗೊತ್ತಿದ್ದವ್ರು ಜೋಡಿ ಇರಬೇಕ್ರಿ.”

“ಹಂಗಾದ್ರೆ ನೀವೂ ಬಂದ್ಬಿಡಿ,” ಎಂದ ಕೇಶವ್.

ಕಲ್ಲಿನಾಥನಿಗೆ ಬೇಕಿದ್ದದ್ದೂ ಅದೇ. ಆದರೆ ಅವನ ಊರಲ್ಲಿ ಮರ್ಯಾದಸ್ಥರು ಮೊದಲ ಸಲಕ್ಕೇ ಹೂಂ ಅನ್ನುವುದಿಲ್ಲ. ಕರೆದವರು ಕೈಹಿಡಿದು ಎಳೆಯಬೇಕು, ಕರೆಸಿಕೊಂಡವರು ಕೊಸರಬೇಕು.

“ಬ್ಯಾಡ ಬಿಡ್ರಿ, ನಿಮಗ್ಯಾಕ ತ್ರಾಸು,” ಎಂದು ಎಳೆಯುವುದನ್ನೇ ಕಾದ.

ಕೇಶವ್ ಅಮೆರಿಕಕ್ಕೆ ಬಂದು ಬಹಳ ಕಾಲವಾಗಿತ್ತು. “ಸರಿ, ಬಲವಂತ ಮಾಡಲ್ಲ. ನೀವು ಹೇಳಿದ್ರಲ್ಲ, ದಾರಿ ತಲೇಲಿ ಕೂತಿದೆ,” ಎಂದು ಮೊಸರು ಕಲಸಿಕೊಂಡ.

ನಾನೂ ಬರುತ್ತೇನೆ ಎನ್ನಲು, ಇಡೀ ಜಾರ್ಜಿಯಾ ಕಟ್ಟಿದ ಕಲ್ಲಿನಾಥನ ಆ ನಾಲಿಗೆ ಏಳಲಿಲ್ಲ.

ಅವರು ಹೊರಟ ಮರುದಿನ ಬೆಳಿಗ್ಗೆ ಫೋನ್ ಬಂತು. ವತ್ಸಲಾ ಕಾರ್ಟರ್ಸ್‌ವಿಲ್‌ನ ಪೆಟ್ರೋಲ್ ಬಂಕಿನ ಕಾಯಿನ್ ಫೋನಿನಲ್ಲಿದ್ದಳು.

“ರೋಡ್ ನಿಜವಾಗ್ಲೂ ಮುಗಿದೋಯ್ತು ಕಣ್ರೀ. ನೀವು ಬರ್ಬೇಕಿತ್ತು. ಇವರೋ ಬಾಯೇ ಬಿಡಲ್ಲ, ಬೋರು.”

“ಇನ್ನೊಮ್ಮೆ ಕರೆದಿದ್ರ ಬರ್ತಿದ್ನ್ರಿ ಅಕ್ಕಾರ,” ಎಂದ ಮೆಲ್ಲಗೆ. ಅಲ್ಲಿ ಲಾರಿಗಳ ಸದ್ದು.

“ಏನಂದ್ರಿ?”

“ಏನಿಲ್ರಿ. ಮೇಕನ್ ಊರು ದಾಟಿದ ಮ್ಯಾಲ ಹುಷಾರು. ಅಲ್ಲಿ ಒಂದು ಪೀಚ್ ಹಣ್ಣು ಉರುಳಿ ಬಿದ್ದು ಎರಡು ದಿನ ರೋಡ್ ಬಂದಾಗಿತ್ತು...”

ಅವಳ ಚಿಲ್ಲರೆ ಮುಗಿದು ಫೋನ್ ಕಟ್ ಆಯಿತು. ಕಲ್ಲಿನಾಥ ರಿಸೀವರ್ ಕಿವಿಯಿಂದ ತೆಗೆಯದೆ ಕತೆ ಹೇಳುತ್ತಲೇ ಅವರನ್ನು ಟಿಫ್ಟನ್ ಊರು ದಾಟಿಸಿದ, ವಾಲ್ಡೋಸ್ಟಾ ದಾಟಿಸಿದ, ಫ್ಲಾರಿಡಾದ ಗಡಿ ಮುಟ್ಟಿಸಿಯೇ ಕೆಳಗಿಟ್ಟ.