ಪಿನ್ನು ಕಿತ್ತ ಕವರು

ಹನಿ ಬೀಳುತ್ತಿಲ್ಲ, ಪುಟ್ಟತಾಯಮ್ಮನ ಮೊಣಕೈಯ ತುದಿಯಲ್ಲಿ ಹಾಲಿನ ಒಂದು ಹನಿ ಕೂತಿದೆ, ಅಂಗೈಯೊಡ್ಡಿ ಕುಡಿದಾಗ ಮುಂಗೈಯ ಸುಕ್ಕುಗಳಲ್ಲಿ ಇಳಿದುಬಂದದ್ದು, ಈಗ ಬೀಳುತ್ತೆ ಈಗ ಬೀಳುತ್ತೆ ಎಂದು ನೋಡುತ್ತಲೇ ಇದ್ದೇನೆ, ಬೀಳುತ್ತಿಲ್ಲ — ನೋಡ್ರಪ್ಪ, ನೋಡ್ರವ್ವ, ನಿಮ್ಮೆಲ್ರ ಎದ್ರುಗೆ ಕುಡ್ದಿವ್ನಿ, ನನ್ನ ಆಲು ನಾತ ಬತ್ತದಂತೆ, ಎಲ್ಲದೆ ನಾತ, ಈಗ ಯೋಳ್ಲಿ ಸಿದ್ರಾಜು — ಹೇಳಬೇಕಾದವನು ನಾನು, ಈ ಡೈರಿಯ ಟೆಸ್ಟರು, ಹನ್ನೊಂದು ವರ್ಷದಿಂದ ಬೆಳಿಗ್ಗೆ ಸಂಜೆ ಊರಿನ ಹಾಲೆಲ್ಲ ನನ್ನ ಮೂಗಿನ ಕೆಳಗೆ ಹಾದುಹೋದದ್ದು, ಮುಚ್ಚಳ ತೆಗೆದು ಒಂದು ಸಲ ಉಸಿರೆಳೆದರೆ ಸಾಕು, ಇದು ಹುಳಿ, ಇದು ರಾತ್ರಿಯದು ಬೆರೆಸಿದ್ದು, ಇದು ಕೆಚ್ಚಲು ಬಾವು ಬಂದ ಹಸುವಿನದು, ಸಿದ್ದರಾಜನ ಮೂಗು ಅಂದರೆ ಮೂಗು ಅಂತ ಬಿಂಡಿಗನವಿಲೆ ತನಕ ಮಾತಿತ್ತು, ಆ ಮೂಗು ಇಟ್ಟುಕೊಂಡು ಈಗ ಏನು ಹೇಳಲಿ, ಸಾಲಿನಲ್ಲಿ ಮೂವತ್ತು ಜನ ನಿಂತಿದ್ದಾರೆ, ಸೆಕ್ರೆಟರಿ ಚಿಕ್ಕಮಾದಯ್ಯ ಪೆನ್ನು ಎತ್ತಿ ಹಿಡಿದು ನನ್ನ ಬಾಯಿ ನೋಡುತ್ತಿದ್ದಾನೆ, ನನ್ನ ಎಡಗೈ ಅಂಗಿಯ ಮೇಲಿಂದ ಹೊಟ್ಟೆಯನ್ನು ಒತ್ತಿಕೊಂಡಿದೆ, ತೆಗೆಯಬೇಕು ಆ ಕೈಯನ್ನು, ತೆಗೆದರೆ ಸದ್ದು, ಒತ್ತಿದರೆ ವಾಸನೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತೇನೆ. ಹಾಲು ಚೆನ್ನಾಗಿದೆ. ಅವಳು ಗುಟುಕರಿಸಿದ ರೀತಿಯಲ್ಲೇ ಗೊತ್ತಾಯಿತು. ನಾರುತ್ತಿರುವುದು ನಾನು.

ನಾನು ಅಂದರೆ ಹೊಕ್ಕುಳಿನ ಎಡಕ್ಕಿರುವ ಆ ಕೆಂಪು ಬಾಯಿ, ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಮೈಸೂರಿನಲ್ಲಿ ಕರುಳಿನ ಗಡ್ಡೆ ಕೊಯ್ದು ಉಳಿದ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಹೊಲಿದರು, ಇನ್ನು ಮೇಲೆ ನಿಮಗೆ ಇದೇ ದಾರಿ, ಕೆಳಗಿನ ದಾರಿ ಮರೆತುಬಿಡಿ ಅಂದರು ಡಾಕ್ಟರು, ಎಷ್ಟು ಸಲೀಸಾಗಿ ಅಂದರು, ಬೆಳ್ಳೂರು ಕ್ರಾಸಿನಲ್ಲಿ ಬಸ್ಸು ಬದಲಾಯಿಸಿ ಅಂದ ಹಾಗೆ — ಬದುಕಿದ್ರಲ್ಲ ಸಾಕು ಅಂದಳು ನನ್ನ ಹೆಂಡತಿ ಚನ್ನಾಜಮ್ಮ, ಹೌದು ಬದುಕಿದೆ, ಆದರೆ ಊರಿಗೆ ಹರ್ನಿಯಾ ಅಂತ ಹೇಳಿದೆವು, ಹೊಟ್ಟೆಗೆ ಹೇಲಿನ ಚೀಲ ಕಟ್ಟಿಕೊಂಡವನು ನಮ್ಮ ಹಾಲು ಮುಟ್ಟುತ್ತಾನೆ ಅಂತ ಒಂದು ಬಾಯಿ ಅಂದರೆ ಸಾಕು, ನಾಳೆಯಿಂದ ಈ ಮೇಜಿನ ಹಿಂದೆ ಬೇರೆಯವನು ನಿಂತಿರುತ್ತಾನೆ, ತಪ್ಪು ಅಂತ ಹೇಗೆ ಹೇಳಲಿ, ನಾನೇ ಆಗಿದ್ದರೂ ಹಾಗೇ ಅನ್ನುತ್ತಿದ್ದೆ. ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಮುದುಕಿ ರಹಮತ್ ಬೀ, ನನ್ನ ಹಾಗೇ ಚೀಲ, ನನ್ನ ಹಾಗೇ ಕೈ ಹೊಟ್ಟೆಯ ಮೇಲೆ, ಅವಳ ಮಗ ಗಫಾರ್ ನಾಗಮಂಗಲದಲ್ಲಿ ಪ್ಲಾಸ್ಟಿಕ್ ಕವರಿನ ಅಂಗಡಿ ಇಟ್ಟವನು, ಅವನು ಹೇಳಿಕೊಟ್ಟ — ದೇಖೋ ಸಿದ್ರಾಜಣ್ಣ, ಚೀಲ ದಿನಾ ತೊಳುದ್ರೆ ಎಂಟು ದಿನ್ಕೆ ಆಳಾಯ್ತದೆ, ಒಳೀಕೆ ಒಂದು ತೆಳ್ಳಗಿನ ಕವರು ಇಳಿಬುಡಿ, ಅದ್ರ ಬಾಯ್ನ ಚೀಲದ ಈ ಬಳೆ ಮ್ಯಾಲೆ ಮಡ್ಚಿ, ಆಮ್ಯಾಕೆ ಹೊಟ್ಟೆ ಮ್ಯಾಲಿನ ಬಿಲ್ಲೆಗೆ ಟಕ್ ಅಂತ ಕೂರ್ಸಿ, ತುಂಬ್ತಾ, ಕವರು ಮಾತ್ರ ಎಳ್ಕಳಿ, ಗಂಟಾಕಿ ಬಿಸಾಕಿ, ಚೀಲ ಹಂಗೇ ಪಾಕ್ ಸಾಫ್ ಇರ್ತದೆ, ಅಮ್ಮಿಗೆ ನಾನು ಇಂಗೇ ಮಾಡೋದು — ಹೇಳುವಾಗ ಅವನ ಮುಖದಲ್ಲಿ ಅಸಹ್ಯವಿರಲಿಲ್ಲ, ಬುಟ್ಟಿ ಹೆಣೆಯುವುದನ್ನು ಕಲಿಸಿಕೊಡುವಂತೆ ಹೇಳಿದ, ಅದಕ್ಕೇ ನನಗೆ ಅಳು ಬಂತು. ಹೂವಿನವರು ಒಯ್ಯುವ ತೆಳು ಕವರು, ಶುಕ್ರವಾರ ಅವನ ಅಂಗಡಿಗೆ ಹೋದರೆ ಕೇಳದೆ ಒಂದು ಕಟ್ಟು ಪೇಪರಿನಲ್ಲಿ ಸುತ್ತಿ ಕೊಡುತ್ತಾನೆ, ಜನ ಇದ್ದರೆ, ಅಣ್ಣಾ ನಿಮ್ಮ ಸಸಿ ಕವರು, ಅಂತ ಗಟ್ಟಿಯಾಗಿ ಅನ್ನುತ್ತಾನೆ.

ಆ ಕವರುಗಳನ್ನು ಚನ್ನಾಜಮ್ಮ ಒಂದೊಂದಾಗಿ ಊದುತ್ತಾಳೆ, ಬಾಯಿ ಹಿಡಿದು ಉಬ್ಬಿಸಿ ಕೆನ್ನೆಯ ಪಕ್ಕ ಒತ್ತುತ್ತಾಳೆ, ಎಲ್ಲಾದರೂ ಗಾಳಿ ತಾಗಿದರೆ ಅದು ಬೇಡ, ತೂತಿದೆ, ಪಕ್ಕಕ್ಕೆ, ಮಕ್ಕಳಿಗೆ ಬಲೂನು ಊದುವವಳ ಹಾಗೆ ಕೂತಿರುತ್ತಾಳೆ ಪುಣ್ಯಾತ್ಗಿತ್ತಿ, ನಮಗೆ ಮಕ್ಕಳಿಲ್ಲ, ಊದುವುದೆಲ್ಲ ನನ್ನ ಹೇಲಿಗೆ — ಮೊದಮೊದಲು ನಾನು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದೆ, ಈ ಗೋಡೆ ಏನ್ ನಿಮ್ಮತ್ತೆ ಮಗಳಾ, ಇತ್ತಾಗ್ ನೋಡಿ, ಅಂದು ನಗಿಸಿದಳು. ಅವಳು ಅಕ್ಕನ ಮಗಳ ಬಾಣಂತನಕ್ಕೆ ಕೆ.ಆರ್. ಪೇಟೆಗೆ ಹೋಗಿ ಇವತ್ತಿಗೆ ಆರು ದಿನ, ದಿನಕ್ಕೆ ಎರಡರಂತೆ ಊದಿ ನೋಡಿದ ಕವರುಗಳನ್ನು ಮಡಿಸಿ ಹಿಟ್ಟಿನ ಡಬ್ಬದ ಹಿಂದೆ ಇಟ್ಟುಹೋಗಿದ್ದಳು, ಅವರೆಕಾಳು ಮಾತ್ರ ತಿನ್ನಬ್ಯಾಡಿ ನಿಮ್ಮ ದಮ್ಮಯ್ಯ, ಅಂದೂ ಹೋಗಿದ್ದಳು, ತಿಂದೆ, ನಿನ್ನೆ ಪಕ್ಕದ ಮನೆಯವರು ಬಟ್ಟಲು ತುಂಬ ಹಿತಕವರೆ ಸಾರು ಕೊಟ್ಟರು, ಸೊಗಡಿನ ವಾಸನೆಗೆ ತಡೆಯಲಾಗಲಿಲ್ಲ, ನಾಲಗೆಯೂ ಒಂದು ಇದೆಯಲ್ಲ ಈ ಮೈಯಲ್ಲಿ, ರಾತ್ರಿಯಿಡೀ ಆ ಕೆಂಪು ಬಾಯಿ ಗೊರಗೊರ ಅಂದಿತು, ನಾಲ್ಕು ಕವರು ಖಾಲಿ, ಬೆಳಿಗ್ಗೆ ಡಬ್ಬದ ಹಿಂದೆ ಕೈ ಹಾಕಿದರೆ ಏನೂ ಇಲ್ಲ, ಡೈರಿಗೆ ಹೊತ್ತಾಯಿತು, ಗೂಡಿನಲ್ಲಿ ಬೆಳ್ಳೂರು ಕ್ರಾಸಿನಿಂದ ತಂದ ಖಾರದ ಮಿಕ್ಸ್ಚರಿನ ಕವರು ಸಿಕ್ಕಿತು, ಒದರಿದೆ, ಬಾಯಿಗೆ ಹೊಡೆದಿದ್ದ ಪಿನ್ನನ್ನು ಉಗುರಿನಿಂದ ಕಿತ್ತೆ, ಚರ್ಮಕ್ಕೆ ಚುಚ್ಚೀತು ಅಂತ ಎಷ್ಟು ಜಾಗ್ರತೆಯಾಗಿ ಕಿತ್ತೆ, ಪಿನ್ನು ಹೋದ ಜಾಗದಲ್ಲಿ ಎರಡು ತೂತು ಉಳಿಯುತ್ತೆ ಅಂತ ಹೊಳೆಯಲಿಲ್ಲ, ಊದಲಿಲ್ಲ, ಊದಿದ್ದರೆ, ಒಂದೇ ಒಂದು ಸಲ ಊದಿದ್ದರೆ! ಚೀಲವೂ ಹಳೆಯದು, ಮೂರು ತಿಂಗಳಿನದು, ಅಂಚು ಬಾಯಿಬಿಟ್ಟಿದೆ, ಬುಡದ ಕ್ಲಿಪ್ಪು ಹೋಗಿ ರಬ್ಬರ್ ಬ್ಯಾಂಡು ಸುತ್ತಿದ್ದೇನೆ, ಒಳಗಿನ ಕವರೊಂದೇ ನನ್ನ ಮಾನ.

ಹಾಲು ಅಳೆಯುವ ಹೊತ್ತಿಗೆ ನನಗೆ ನನ್ನ ಮೂಗೇ ಶತ್ರು, ಯಾವ ಕ್ಯಾನಿನ ಮುಚ್ಚಳ ತೆಗೆದರೂ ಮೊದಲು ಕೇಳಿಕೊಳ್ಳುತ್ತೇನೆ, ಇದಾ, ನಾನಾ — ಹೋದ ಮಂಗಳವಾರ ದೇವರಾಜು ಎರಡು ಕ್ಯಾನು ತಂದಿಟ್ಟ, ಆರು ಸೀಮೆಹಸುವಿನ ಯಜಮಾನ, ಡೈರಿಯ ಡೈರೆಕ್ಟರು, ಮುಚ್ಚಳ ತೆಗೆದೆ, ಗಬ್ಬೆಂದಿತು, ನಾನೇ, ಕವರು ಜಾರಿದೆ, ಎಲ್ಲರಿಗೂ ಗೊತ್ತಾಗುತ್ತೆ, ಬೇಗ ಮುಗಿಸು ಅಂತ ಆ ಹಾಲನ್ನು ಊರಿನ ಹಾಲಿಗೆ ಸುರಿದುಬಿಟ್ಟೆ, ಮನೆಗೆ ಓಡಿ ಬಿಚ್ಚಿ ನೋಡಿದರೆ ಕವರು ಬೆಚ್ಚಗೆ ತನ್ನ ಜಾಗದಲ್ಲೇ ಇತ್ತು, ಒಣಗಿತ್ತು, ನಾರಿದ್ದು ಹಾಲು, ಸಂಜೆ ಲಾರಿಯಲ್ಲಿ ಅಷ್ಟೂ ಕ್ಯಾನು ವಾಪಸ್ಸು ಬಂತು, ಊರಿನ ಹಾಲೆಲ್ಲ ಮೊಸರಾಗಿ ಚರಂಡಿ ಪಾಲು. ಚಿಕ್ಕಮಾದಯ್ಯ ಎಲ್ಲರ ಮುಂದೆ ಅಂದ, ನಿನ್ ಮೂಗ ಎಲ್ಲಿ ಅಡ ಇಟ್ಟಿದ್ದೀಯ್ಲಾ, ಇನ್ನೊಂದ್ ಸಲ ಇಂಗಾಯ್ತೋ ಮನೇಲಿರು, ಬ್ಯಾರೆಯೋನ್ನ ನೋಡ್ಕತೀವಿ. ಯಾರ ಹಾಲು ಅಂತ ನಾನು ಹೇಳಲಿಲ್ಲ, ಹೇಳಿದರೆ ಗೊತ್ತಿದ್ದೂ ಯಾಕೆ ಸುರಿದೆ ಅನ್ನುತ್ತಾರೆ, ಆಗ ಅದೇ ದೇವರಾಜು ಎದ್ದು ನಿಂತು, ಇನ್ಮ್ಯಾಕೆ ಕೆಟ್ಟ ಆಲು ತಂದೋರ್ದು ಒಂದು ತಿಂಗ್ಳು ಅಳ್ಯಂಗಿಲ್ಲ, ಬರ್ಕಳಿ ರೂಲು, ಅಂದ, ಬರೆದುಕೊಂಡರು, ನಾನೂ ಕೈ ಎತ್ತಿದೆ.

ಹಾಗಾಗಿ ಇವತ್ತು, ಪುಟ್ಟತಾಯಮ್ಮನ ಸರದಿ ಬಂದಾಗ, ಒಂಟಿ ಹೆಂಗಸು, ಒಂದೇ ಹಸು, ಆ ಒಂದು ಹಸುವಿನ ಮೇಲೆ ಅವಳ ಉಪ್ಪು ಎಣ್ಣೆ ಎಲ್ಲ, ಸಣ್ಣ ಸ್ಟೀಲ್ ಕ್ಯಾನಿನ ಮುಚ್ಚಳ ತೆಗೆದೆ, ಗಬ್ಬೆಂದಿತು, ಇದಾ ನಾನಾ, ಇದಾ ನಾನಾ, ಮಂಗಳವಾರ ನಾನು ಅಂದುಕೊಂಡು ಕೆಟ್ಟೆ, ಇವತ್ತು ಮತ್ತೆ ಕೆಡಲಾರೆ, ಹೊರಗೆ ಲಾರಿ ಹಾರ್ನು ಹೊಡೆಯುತ್ತಿದೆ, ಕೊಳವೆಯಲ್ಲಿ ಕಾಯಿಸಿ ನೋಡುವಷ್ಟು ಹೊತ್ತಿಲ್ಲ — ಹೊತ್ತಿತ್ತು, ಸುಳ್ಳು ಹೇಳಬೇಡ, ಕಾಯಿಸಿ ಅದು ಒಡೆಯದಿದ್ದರೆ ಆಮೇಲೆ ವಾಸನೆ ಯಾರದ್ದು ಅಂತ ಕೇಳುತ್ತಾರಲ್ಲ, ಅದಕ್ಕೆ ಕಾಯಿಸಲಿಲ್ಲ — ದೊಡ್ಡವ್ವ, ನಾತ ಬತ್ತದೆ, ತಗಳಕ್ಕಾಗಲ್ಲ, ಅಂದೆ, ನನ್ನ ಬಾಯೇ ಅಂದದ್ದು, ಹಿಂದೆ ನಿಂತಿದ್ದ ಚಿಕ್ಕಬೋರಮ್ಮ ಸೆರಗು ಮೂಗಿಗೆ ಹಿಡಿದು, ಊ ಕಣವ್ವ, ಬತ್ತದೆ ಬತ್ತದೆ, ಅಂದಳು. ಆಗ ಪುಟ್ಟತಾಯಮ್ಮ ಅಳಲಿಲ್ಲ, ಬೈಯಲಿಲ್ಲ, ಕ್ಯಾನನ್ನು ಬಗ್ಗಿಸಿ ಎಡ ಅಂಗೈಗೆ ಸುರಿದುಕೊಂಡಳು, ಹಸಿ ಹಾಲನ್ನು, ಕಣ್ಣು ನನ್ನ ಮೇಲೇ ಇಟ್ಟು ಕುಡಿದಳು, ಹಾಲು ಮುಂಗೈ ಮೇಲೆ ಇಳಿಯಿತು, ಮೊಣಕೈಗೆ ಬಂತು, ಒಂದು ಹನಿಯಾಗಿ ನಿಂತಿತು.

ಹೇಳಿಬಿಡು ಸಿದ್ದರಾಜು, ಎರಡು ಗುಂಡಿ ಬಿಚ್ಚಿ ತೋರಿಸಿಬಿಡು, ಮೂಗು ಹಿಡಿದರೆ ಬಾಯಿ ತಾನೇ ತೆರೆಯುತ್ತೆ ಅಂತಾರೆ, ನಿನ್ನ ಬಾಯಿ ಯಾಕೆ ತೆರೆಯದು, ತೆರೆದಿರುವುದು ಆ ಒಂದೇ ಬಾಯಿ, ಅದು ಯಾರ ಮಾತೂ ಕೇಳದು, ಬೆಚ್ಚಗೆ ಏನೋ ಸೊಂಟಕ್ಕೆ ಇಳಿಯುತ್ತಿದೆ, ದೇವರೇ, ಈಗಲೇನಾ — ಅವಳು ಒಂದು ಹೆಜ್ಜೆ ಮುಂದೆ ಬಂದಳು, ಯಾಕೆ ಬಂದಳು, ನಾನು ಹಿಂದೆ ಸರಿದೆ, ಕವರು ಪರಪರ ಅಂದಿತು, ಅವಳು ನನ್ನ ಕೈ ನೋಡಿದಳು, ಕೈ ಒತ್ತಿ ಹಿಡಿದ ಜಾಗ ನೋಡಿದಳು, ಅವಳ ಮೂಗಿನ ಹೊಳ್ಳೆ ಒಂದು ಸಲ ಅಗಲವಾಯಿತು, ಅದೂ ಒಂದು ಮೂಗೇ ತಾನೆ, ಹಾಸಿಗೆ ಹಿಡಿದ ಅತ್ತೆಯ ಬಟ್ಟೆಗಳನ್ನು ಎರಡು ವರ್ಷ ಮುಂಜಾನೆ ಕೆರೆಗೆ ಹೊತ್ತು ಒಗೆದವಳು, ಅವಳಿಗೆ ಗೊತ್ತಾಗದ ನಾತ ಯಾವುದಿದೆ. ಯಾವತ್ತಿಂದ ಮಗ, ಅಂದಳು, ತುಟಿ ಅಲುಗದಂತೆ, ನನಗೊಬ್ಬನಿಗೇ ಕೇಳುವಂತೆ. ಅವಳು ಸಾಲಿನ ಕಡೆ ತಿರುಗಿದಳು, ತಪ್ಪಾಯ್ತು ಕಣ್ರಪ್ಪ, ಬಾಯ್ಗಾಕಿದ್ ಮ್ಯಾಲೆ ಗೊತ್ತಾಯ್ತು, ಕೆಟ್ಟೋಗದೆ, ಸಿದ್ರಾಜು ಯೋಳಿದ್ದೇ ದಿಟ, ಬರ್ಕೊ ಚಿಕ್ಕಮಾದಯ್ಯ, ನಂದು ಒಂದು ತಿಂಗ್ಳು.

ದೇವರಾಜು ನಕ್ಕ, ಮುದ್ಕಿಗೆ ಜಂಬ ನೋಡ್ಲಾ, ಕುಡುದ್ ಬ್ಯಾರೆ ತೋರುಸ್ತು. ಚಿಕ್ಕಮಾದಯ್ಯನ ಪೆನ್ನು ಬರೆಯಿತು, ನಿನ್ ಮೂಗು ವಾಪಸ್ ಬಂತು ಕಣ್ಲಾ, ಅಂದ ನನಗೆ, ಪ್ರೀತಿಯಿಂದಲೇ ಅಂದ. ಅವಳು ಬಾಗಿಲಾಚೆಗೆ ಹೋಗಿ ಕ್ಯಾನನ್ನು ಚರಂಡಿಗೆ ಬಗ್ಗಿಸುತ್ತಿದ್ದಾಳೆ, ಎಷ್ಟು ಬಿಳಿ, ಎಷ್ಟು ಗಟ್ಟಿ ಹಾಲು, ಇಲ್ಲಿಂದಲೇ ಹೇಳಬಲ್ಲೆ ಡಿಗ್ರಿ ಎಷ್ಟು ಫ್ಯಾಟು ಎಷ್ಟು ಅಂತ, ಈಗಲೂ ಕೂಗಬಹುದು, ದೊಡ್ಡವ್ವ ಸುರೀಬ್ಯಾಡ ಅಂತ, ಈಗಲೂ, ಮುಗಿಯುವುದರೊಳಗೆ, ಚಿಕ್ಕಬೋರಮ್ಮನ ಕ್ಯಾನು ಮೇಜಿನ ಮೇಲೆ ಕೂತಿದೆ, ನನ್ನ ಬಲಗೈ ಅದರ ಮುಚ್ಚಳ ತೆಗೆಯುತ್ತಿದೆ, ಎಡಗೈ ಒತ್ತಿಕೊಂಡೇ ಇದೆ, ಕೂಗು, ಕೊನೆಯ ಧಾರೆ ಸಣ್ಣಗಾಯಿತು, ನಿಂತಿತು, ಅವಳು ಖಾಲಿ ಕ್ಯಾನನ್ನು ಬಲಗೈಗೆ ಹಾಕಿಕೊಂಡು ಹೊರಟಳು, ಹಿಂದೆ ತಿರುಗಲಿಲ್ಲ, ಎಡಗೈಯನ್ನು ಒರೆಸಿಕೊಳ್ಳಲೂ ಇಲ್ಲ, ಮಡಚಿದ ಹಾಗೇ ಎದೆಗೆ ಹಿಡಿದುಕೊಂಡಿದ್ದಾಳೆ, ಬಿಸಿಲು ಬಿದ್ದಿದೆ ಅದರ ಮೇಲೆ, ಮೊಣಕೈಯ ತುದಿಯಲ್ಲಿ ಆ ಹನಿ, ಅಲುಗುತ್ತಿದೆ, ಬೀಳುತ್ತಿಲ್ಲ, ಹನಿ