ಐಸ್‌ಕ್ರೀಮ್ ಪೆಟ್ಟಿಗೆಯಲ್ಲಿ ಮಲಗಿದ ಕಂಬಳಿ

ದೇಶನೂರಿನ ಹಳೆಯ ಕೋಣೆಯೊಂದನ್ನು ಊರವರೇ ಸೇರಿ ವಸ್ತುಸಂಗ್ರಹಾಲಯ ಮಾಡಿದ್ದರು. ಸೇರು, ಕೂರಿಗೆ, ಬೀಸುವ ಕಲ್ಲು, ಎಲ್ಲ ಅಲ್ಲಿದ್ದವು. ಆದರೆ ಅದನ್ನೆಲ್ಲ ನೋಡಿಕೊಳ್ಳುತ್ತಿದ್ದ ದಾಕ್ಷಾಯಣಮ್ಮನ ಕಣ್ಣು ಹೋಗುತ್ತಿದ್ದುದು ಗಾಜಿನ ಕಪಾಟಿನ ಕರಿ ಕಂಬಳಿಯ ಕಡೆಗೆ ಮಾತ್ರ. ಅದು ಆಕೆಯ ತೀರಿಹೋದ ಅಪ್ಪ ಮರಿಬಸಪ್ಪನದು. ಕಾಲುವೆ ನೀರು ಕಾಯುವಾಗ ಗದ್ದೆಯ ಬದುವಿನಲ್ಲಿ ಅದನ್ನೇ ಹೊದ್ದು ಕೂರುತ್ತಿದ್ದ. ಫೋಟೊ ತೆಗೆಸಿಕೋ ಎಂದರೆ, ‘ನನ್ನ ಮಾರಿ ಏನ್ ನೋಡ್ತೀರಿ, ಪೈರು ನೋಡ್ರಿ’ ಎನ್ನುತ್ತಿದ್ದ. ಹೀಗಾಗಿ ಒಂದು ಫೋಟೊ ಕೂಡ ಉಳಿದಿರಲಿಲ್ಲ. ಅಪ್ಪ ಎಂದರೆ ಆಕೆಗೆ ಈಗ ಆ ಕಂಬಳಿ, ಅದರೊಳಗಿನ ಹೊಗೆಯ ವಾಸನೆ, ಅಷ್ಟೇ.

ಒಂದು ದಿನ ಕಪಾಟು ತೆಗೆದು ನೋಡುತ್ತಾಳೆ, ಕಂಬಳಿಯ ಅಂಚು ಜರಡಿಯಾಗಿತ್ತು! ಮಡಿಕೆಯೊಳಗೆ ಬಿಳಿ ಬಲೆ, ಅಕ್ಕಿಕಾಳಿನಂಥ ಹುಳ. ಮೂಲೆಯಲ್ಲಿ ಮೈತುಂಬ ಕೂದಲಿನ ಕಂದು ಹುಳ ಬೇರೆ. ದಾಕ್ಷಾಯಣಮ್ಮ ತಡಮಾಡಲಿಲ್ಲ. ಮನೆಗೆ ಹೋಗಿ ಗದ್ದೆಗೆ ಔಷಧಿ ಹೊಡೆಯುವ ಪಂಪನ್ನು ಹೆಗಲಿಗೇರಿಸಿಕೊಂಡು ಬಂದಳು.

ಅದೇ ಹೊತ್ತಿಗೆ ಬಳ್ಳಾರಿಯಿಂದ ಅಣ್ಣನ ಮಗಳು ಶಾಂಭವಿ ಬಂದಿಳಿದಳು. ಬಳ್ಳಾರಿಯ ವಸ್ತುಸಂಗ್ರಹಾಲಯವೊಂದರಲ್ಲಿ ಹಳೆಯ ಬಟ್ಟೆಬರೆ ಕಾಪಾಡುವುದೇ ಅವಳ ಕೆಲಸ.

‘ಅತ್ತೀ, ಏನ್ ಮಾಡಾಕತ್ತಿ?’

‘ಕಾಣಂಗಿಲ್ಲೇನು? ಭತ್ತಕ್ಕ ಹೊಡಿಯೋ ಎಣ್ಣಿ. ಗದ್ಯಾಗಿನ ಹುಳಾನ ಸಾಯ್ತಾವ, ಇವ್ಯಾವ ದೊಡ್ಡ ಪೈಲ್ವಾನರು!’

‘ಹುಳ ಸಾಯ್ಬಹುದು. ಆದ್ರ ಕಂಬಳಿನೂ ಕೆಡತೈತಿ. ನೋಡಾಕ ಬಂದ ಮಕ್ಕಳು ಆ ವಿಷದ ಗಾಳಿ ಕುಡೀಬೇಕೇನು? ಮ್ಯಾಲ ತಾತನ ವಾಸನಿ ಹೋಗಿ ಬರೇ ಎಣ್ಣಿ ವಾಸನಿ ಉಳಿತೈತಿ ನೋಡು.’

ಕೊನೆಯ ಮಾತಿಗೆ ಪಂಪು ನೆಲಕ್ಕಿಳಿಯಿತು.

ಶಾಂಭವಿ ಕಪಾಟಿನೊಳಗೆ ಇಣುಕಿ ಒಂದು ಚೂರು ಎತ್ತಿದಳು. ‘ಇದೇನತ್ತಿ?’

‘ಹೋಳಿಗಿ. ಅಮಾಸಿಗೊಮ್ಮಿ ನಿಮ್ಮ ತಾತಗ ಎಡಿ ಇಡ್ತೀನಿ. ಚೆಂಡು ಹೂವನೂ ಏರಿಸ್ತೀನಿ.’

‘ತುಪ್ಪ ಹಾಕಿ?’

‘ತುಪ್ಪ ಇಲ್ದ ಹೋಳಿಗಿ ಮುಟ್ಟತಿದ್ನೇನು ನಿಮ್ಮ ತಾತ?’

ಶಾಂಭವಿ ನಗು ತಡೆಯಲಾರದೆ ಅಲ್ಲೇ ಕುಳಿತಳು. ‘ಅತ್ತಿ, ಈ ಕಂದು ಹುಳ ಬೆಳದು ರೆಕ್ಕಿ ಬಂದ ಮ್ಯಾಲ ಹೂವಿನ ಪುಡಿ ತಿಂತಾವ. ಹೂವಿನ ಜೋಡಿ ಒಳಗ ಬಂದು ಇಲ್ಲೇ ತತ್ತಿ ಇಡ್ತಾವ. ಬಿಳಿ ಬಲಿ ಕಟ್ಟಿದ ನುಸಿ ಹಂಗಲ್ಲ. ಹಾರಾಡೋ ಚಿಟ್ಟಿ ಏನೂ ತಿನ್ನಂಗಿಲ್ಲ, ಅದರ ಮರಿ ಕಂಬಳಿ ಉಣ್ಣಿ ತಿಂತಾವ. ಬೆವರು, ತುಪ್ಪ ಹತ್ತಿದ ಉಣ್ಣಿ, ಮ್ಯಾಲ ಕತ್ತಲಿ, ಯಾರೂ ಝಾಡಸಂಗಿಲ್ಲ. ಇನ್ನೇನ್ ಬೇಕು ಅವಕ್ಕ?’

‘ಹಂಗಾರ ಅಪ್ಪಗ ಇಟ್ಟ ಎಡಿ ಈ ಹಾಳಾದ ಹುಳ ಉಂಡ್ವೇನು!’ ಎಂದವಳ ಕಣ್ಣು ತುಂಬಿತು. ಅಪ್ಪನನ್ನು ತಾನೇ ಕೈಯಾರೆ ಹುಳಗಳಿಗೆ ಬಡಿಸಿದೆನಲ್ಲ ಎಂದು ಅವಳಿಗೆ ಬಹಳ ಸಂಕಟವಾಯಿತು.

‘ಅಳಬ್ಯಾಡ. ಕಂಬಳಿ ಉಳಿತೈತಿ. ಅದಕ್ಕ ಚಳಿ ಹತ್ತಸಿದ್ರ ಒಳಗಿನ ಹುಳ, ತತ್ತಿ ಎಲ್ಲಾ ಸಾಯ್ತಾವ, ಅಷ್ಟ.’

‘ಕಂಬಳಿಗೇ ಚಳಿನಾ? ಹುಚ್ಚಿ!’

ಅಂದೇ ಇಬ್ಬರೂ ಕಂಬಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಗಾಳಿ ಆಡದಂತೆ ಟೇಪು ಹಚ್ಚಿ, ಸಿರುಗುಪ್ಪದ ಹುಲುಗೇಶನ ಐಸ್‌ಕ್ರೀಮ್ ಅಂಗಡಿಗೆ ಹೋದರು. ಚಳಿಗಾಲವಾದ್ದರಿಂದ ಅವನ ಒಂದು ಫ್ರೀಜರ್ ಖಾಲಿ ಬಿದ್ದಿತ್ತು.

‘ಯಕ್ಕಾ, ಹುಳ ಬಿದ್ದ ಕಂಬಳಿ ನನ್ನ ಪೆಟ್ಟಿಗ್ಯಾಗ? ಗಿರಾಕಿ ಓಡಿ ಹೋಗ್ತಾರ!’

‘ಲೇ ಹುಲುಗಾ, ಈ ಚಳ್ಯಾಗ ನಿನಗ ಗಿರಾಕಿ ಎಲ್ಲಿ ಬಂದ್ರೋ? ಖಾಲಿ ಪೆಟ್ಟಿಗಿ ಕೊಡು, ಸಾಕು.’

ಹುಲುಗೇಶ ನಗುತ್ತಲೇ ಮುಚ್ಚಳ ತೆಗೆದ. ಶಾಂಭವಿ ಥರ್ಮಾಮೀಟರ್ ಇಟ್ಟು, ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿದೆ ಎಂದು ಖಾತ್ರಿ ಮಾಡಿಕೊಂಡಳು. ‘ಎರಡು ವಾರ ಯಾರೂ ತೆಗೀಬ್ಯಾಡ್ರಿ’ ಎಂದಳು.

ದಾಕ್ಷಾಯಣಮ್ಮ ಸುಮ್ಮನಿರಬೇಕಲ್ಲ! ಬಸ್ಸು ಹತ್ತಿ ಹೋಗಿ ಹೋಗಿ ಪೆಟ್ಟಿಗೆಯನ್ನು ಮುಟ್ಟಿ ಬರುತ್ತಿದ್ದಳು. ಏನೂ ಕೊಳ್ಳದೆ ಬರುವುದು ಹೇಗೆ ಎಂದು ಹೋದಾಗಲೆಲ್ಲ ಒಂದು ಐಸ್‌ಕ್ರೀಮ್ ತಿಂದು ಗಂಟಲು ಕೆಡಿಸಿಕೊಂಡಳು. ಆ ಚಳಿಗಾಲದಲ್ಲಿ ಹುಲುಗೇಶನಿಗೆ ಇದ್ದ ಗಿರಾಕಿ ಅವಳೊಬ್ಬಳೇ. ಊರಲ್ಲಿದ್ದಾಗ ಕೋಣೆಯ ಬಿರುಕು, ಮೂಲೆ, ಕಪಾಟಿನ ಹಿಂದೆ ಎಲ್ಲ ಕಡೆ ಬ್ರಷ್ ಹಾಕಿ ಧೂಳು ತೆಗೆದು ದೂರ ಚೆಲ್ಲಿದಳು. ಕಿಟಕಿಯ ಬಳಿ ಅಂಟಿನ ಹಾಳೆ ಇಟ್ಟಳು. ಹೊಸ ಹುಳ ಬಂದರೆ ಅದರ ಮೇಲೆ ಸಿಕ್ಕಿಬಿದ್ದು ಗುಟ್ಟು ರಟ್ಟಾಗುತ್ತದೆ.

ಎರಡು ವಾರ ಕಳೆದು ಕಂಬಳಿ ಊರಿಗೆ ಬಂತು. ಚೀಲವನ್ನು ಕೂಡಲೇ ಬಿಚ್ಚಿದರೆ ತಣ್ಣಗಾದ ಕಂಬಳಿಗೆ ಗಾಳಿಯ ತೇವ ನೀರಾಗಿ ಕಟ್ಟುತ್ತದೆಂದು ಶಾಂಭವಿ ಇನ್ನೂ ಒಂದು ದಿನ ಕಾಯಿಸಿದಳು. ಆಮೇಲೆ ಹೊರಗಿನ ಕಟ್ಟೆಯ ಮೇಲೆ ಹಾಸಿ ಮೆತ್ತಗೆ ಬ್ರಷ್ ಆಡಿಸಿದಾಗ ಸತ್ತ ಹುಳ ಪಟಪಟನೆ ಉದುರಿದವು. ಅಂಚಿನ ತೂತು ಹಾಗೇ ಇತ್ತು, ಮಿಕ್ಕ ಕಂಬಳಿ ಗಟ್ಟಿಯಾಗಿತ್ತು. ದಾಕ್ಷಾಯಣಮ್ಮ ಅದರಲ್ಲಿ ಮುಖವಿಟ್ಟಳು. ಅದೇ ಹೊಗೆಯ ವಾಸನೆ!

‘ಅಪ್ಪ ಅದಾನ!’ ಎಂದು ಸಣ್ಣ ಹುಡುಗಿಯ ಹಾಗೆ ಕೂಗಿಬಿಟ್ಟಳು.

ಮುಂದಿನ ಅಮಾವಾಸ್ಯೆಗೂ ಹೋಳಿಗೆ ಆಯಿತು, ತುಪ್ಪವೂ ಬಿತ್ತು. ಆದರೆ ಎಡೆ ಮನೆಯಲ್ಲೇ. ಮಿಕ್ಕ ಹೋಳಿಗೆಯನ್ನು ಕೋಣೆಯ ಹೊರಗಿನ ಕಟ್ಟೆಯಲ್ಲಿ ಊರ ಮಕ್ಕಳಿಗೆ ಹಂಚಿ, ಬಾಗಿಲಿಗೆ ಅಡ್ಡ ನಿಂತಳು.

‘ಕೈ ತೊಳ್ಕೊಂಡು ಬರ್ರಿ. ಒಳಗ ನಮ್ಮಪ್ಪ ಮಲಗ್ಯಾನ.’

ಓದುವವರೇ, ನಿಮ್ಮೂರ ಸಂಗ್ರಹಾಲಯದಲ್ಲೋ ಮಠದಲ್ಲೋ ಮನೆಯ ಪೆಟ್ಟಿಗೆಯಲ್ಲೋ ಹಿರಿಯರ ಉಣ್ಣೆ, ರೇಷ್ಮೆ ಇದ್ದೇ ಇರುತ್ತದೆ. ತಿಂಗಳಿಗೊಮ್ಮೆ ಮಡಿಕೆ ಬಿಚ್ಚಿ ನೋಡಿ. ತಿಂಡಿ, ಹೂವು ಹತ್ತಿರ ಇಡಬೇಡಿ. ಹೊಸದಾಗಿ ಬಂದ ವಸ್ತುವನ್ನು ಕೆಲವು ದಿನ ಬೇರೆಯೇ ಇಟ್ಟು, ಹುಳ ಇಲ್ಲವೆಂದು ತಿಳಿದ ಮೇಲೆ ಒಳಗೆ ಸೇರಿಸಿ. ಗದ್ದೆಯ ಔಷಧಿ ಗದ್ದೆಗೇ ಇರಲಿ. ಬಣ್ಣ ಹಚ್ಚಿದ ಮರ, ಚಿತ್ರಪಟಗಳನ್ನು ಫ್ರೀಜರಿಗೆ ಹಾಕಬೇಡಿ, ಅವಕ್ಕೆ ಸಂಗ್ರಹಾಲಯದವರನ್ನು ಕೇಳಿ. ಇವತ್ತೇ ಎದ್ದು ಆ ಪೆಟ್ಟಿಗೆಯ ಮುಚ್ಚಳ ತೆಗೆಯಿರಿ. ಒಳಗೆ ನಿಮ್ಮವರು ಯಾರೋ ಮಲಗಿದ್ದಾರೆ.