ತಾರ್ಲಿ ಮರಿಗಳು

ಬಾಯಿ ಬಿಚ್ಚಿದ್ದ ಚೀಲದೊಳಗೆ ಕೈಹಾಕಿ ಸಾಕ್ಷಿ ಒಂದು ಹಿಡಿ ಒಣಮೀನು ಎತ್ತಿಕೊಂಡಳು. ಬೆರಳುದ್ದವೂ ಇಲ್ಲದ ತಾರ್ಲಿ ಮರಿಗಳು. ಒಂದು ಸಲವೂ ಮೊಟ್ಟೆಯಿಟ್ಟಿರದವು. ಗಿರಣಿಯ ಗೋಡೆಗುಂಟ ಅಂಥವೇ ಚೀಲಗಳನ್ನು ಸೂರು ಮುಟ್ಟುವಂತೆ ಪೇರಿಸಿದ್ದರು.

ಖಾನಾಪುರದ ಈ ಕೋಳಿ ಆಹಾರದ ಗಿರಣಿ ಅವಳ ಅಪ್ಪ ಗುರುಪುತ್ರಪ್ಪನವರದು. ರಜೆಗೆ ಮನೆಗೆ ಬಂದಿದ್ದ ಅವಳು ಅದರೊಳಗೆ ಕಾಲಿಟ್ಟದ್ದು ಇವತ್ತೇ ಮೊದಲು, ಅಪ್ಪ ಮರೆತು ಬಂದಿದ್ದ ಬಿ.ಪಿ. ಗುಳಿಗೆ ಕೊಡಲು. ಬೆಳಗಾವಿಯ ಅವರ ಮನೆಯಲ್ಲಿ ಮೀನು ಹಾಗಿರಲಿ, ಮೀನೆಂಬ ಮಾತಿಗೂ ಜಾಗವಿಲ್ಲ. ಈ ಚೀಲಗಳಿಗೆ ಅಲ್ಲಿ 'ಒಣ ಮಾಲು' ಎಂದು ಹೆಸರು. ಅಪ್ಪ ದಿನಾ ಗಿರಣಿಯಿಂದ ಹಿತ್ತಲ ಬಾಗಿಲಿಗೇ ಬಂದು, ಅರಿವೆ ಹೊರಗೇ ಕಳಚಿ, ಸ್ನಾನ ಪೂಜೆ ಮುಗಿಸಿದ ಮೇಲೆಯೇ ಮನೆಯವರೊಡನೆ ಮಾತು. ಒಣ ಮಾಲೆಂದರೆ ಮೀನಿನ ತಲೆ, ಬಾಲ, ಯಾರೂ ತಿನ್ನದ ಕಸ ಎಂದೇ ಅವಳು ತಿಳಿದಿದ್ದಳು. ಕೇಳುವ ಪದ್ಧತಿ ಇರಲಿಲ್ಲ.

ಇಂಥ ಮನೆಯ ಮಗಳು ಮೀನಿನ ವಿಜ್ಞಾನಿಯಾದದ್ದು ನೆಂಟರಿಗೆ ಇವತ್ತಿಗೂ ತಮಾಷೆಯೇ. ಕಾರವಾರದಲ್ಲಿ ಅವಳ ಕೆಲಸ ಕಂಪ್ಯೂಟರಿನೊಳಗೆ ಒಂದು ಕಡಲು ಕಟ್ಟುವುದು. ಯಾವ ಮೀನು ಯಾವುದನ್ನು ತಿನ್ನುತ್ತದೆ, ಬಲೆಗೆ ಎಷ್ಟು ಹೋಗುತ್ತದೆ, ಕೊನೆಗೆ ಎಷ್ಟು ಉಳಿಯುತ್ತದೆ. ಆ ಮಾದರಿ ಹೇಳಿದ್ದನ್ನು ನೋಡಿ ಸಮಿತಿಯವರು ಬಲೆಯ ಕಣ್ಣು ಎಷ್ಟಿರಬೇಕೆಂದು ಗೊತ್ತುಮಾಡುತ್ತಾರೆ. ಎರಡು ವರ್ಷದಿಂದ ಮಾದರಿಯಲ್ಲಿ ತಾರ್ಲಿ ಮರಿಗಳು ಎಲ್ಲೋ ಕಾಣೆಯಾಗುತ್ತಿದ್ದವು. ಬಂದರಿನ ಲೆಕ್ಕದಲ್ಲಿ ಅವು ಇರಲಿಲ್ಲ. ತಲೆ ಚಿಟ್ಟುಹಿಡಿದು ಕೊನೆಗೆ ಅವಳು, ಸುರಮಾಯಿಯಂಥ ದೊಡ್ಡ ಮೀನು ತಿಂದಿರಬೇಕೆಂದು, ಅಷ್ಟೂ ಮರಿಗಳನ್ನು ಅವುಗಳ ಹೊಟ್ಟೆಗೆ ಹಾಕಿ ಕೈತೊಳೆದುಕೊಂಡಿದ್ದಳು. ಪಾಪ, ಸುರಮಾಯಿ! ಬಲೆಯ ನಿಯಮ ಬದಲಿಸಬೇಕಿಲ್ಲ ಎಂಬ ವರದಿ ಸಿದ್ಧವಾಗಿತ್ತು. ಸೋಮವಾರ ಕಳಿಸುವುದಷ್ಟೇ ಬಾಕಿ.

"ಇವು ಬಂದರಕ್ಕ ಬರೂದಿಲ್ಲೇನಪ್ಪಾ?"

"ಅಲ್ಲೆಲ್ಲಿ ಬರತಾವ? ಸಮುದ್ರದ ದಂಡಿ ಮ್ಯಾಲೆ ಒಣಗಿಸಿ ಸೀದಾ ಲಾರಿಗೆ ಹೇರತಾರ," ಎಂದರು ಗುರುಪುತ್ರಪ್ಪ, ಗುಳಿಗೆ ನುಂಗಿ. "ಸಣ್ಣವು ಯಾರಿಗೂ ಬ್ಯಾಡ. ಕೋಳಿಗೆ ಛಲೋ."

"ಎಲ್ಲಾ ಗಿರಣಿಗೂ ಇದ ಬರತೈತೇನು?"

"ಇದ. ಇದಿಲ್ಲಂದ್ರ ನನ್ನ ಗಿರಣಿ ನಡಿಯೂದಿಲ್ಲ. ಯಾಕ ಕೇಳತಿ?"

ಸಾಕ್ಷಿ ಚೀಲದ ಮೇಲೆಯೇ ಕುಳಿತುಬಿಟ್ಟಳು. ಎರಡು ವರ್ಷದ ದುಡಿಮೆ ನೀರುಪಾಲಾಗಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆ ಬಂತು, ಬಂದದ್ದಕ್ಕೆ ನಾಚಿಕೆಯೂ ಆಯಿತು.

"ಇವನ್ನ ನಾ ಲೆಕ್ಕದಾಗ ಹಿಡದಿಲ್ಲಪ್ಪಾ. ಹಿಡದ್ರ ಬಲಿ ಕಣ್ಣು ದೊಡ್ಡದ ಮಾಡಸ್ತಾರ, ಈ ಮಾಲು ಬಂದ್ ಆಗಬಹುದು."

ಗುರುಪುತ್ರಪ್ಪ ಗಿರಣಿಗೆ ಬೀಗ ಹಾಕಿ ಕಾರು ಹತ್ತಿದರು. ಪಕ್ಕದಲ್ಲಿ ಸಾಕ್ಷಿ, ಮಡಿಲಲ್ಲಿ ಒಂದು ಡಬ್ಬಿ ಮರಿಗಳು.

ಮನೆಗೆ ಬಂದು ಅಪ್ಪ ಬಚ್ಚಲಿಗೆ ಹೋದರು. ಸಾಕ್ಷಿ ಹಿತ್ತಲಿನ ಒಗೆಯುವ ಕಲ್ಲಿನ ಬಳಿ ಕುಳಿತು, ಡಬ್ಬಿಯಲ್ಲಿ ತಂದಿದ್ದ ಮರಿಗಳನ್ನು ಅಳತೆಪಟ್ಟಿಯ ಪಕ್ಕ ಇಡತೊಡಗಿದಳು. ಒಣಗಿ ಮುರುಟಿದ ಬಾಲಗಳು ಒತ್ತಿದರೆ ಮುರಿಯುತ್ತಿದ್ದವು. ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಬರೆಯಲು ಆಗುತ್ತಿರಲಿಲ್ಲ.

ಅವ್ವ ಗಂಗಾದೇವಿ ಮೂಗಿಗೆ ಸೆರಗು ಹಿಡಿದು ಬಾಗಿಲಿಗೆ ಬಂದಳು. "ಮನೀಗೇ ತಂದ್ಯಾ? ಇಷ್ಟ ವರ್ಷದಾಗ ನಿಮ್ಮಪ್ಪ ಒಂದ ದಿನಾ ತಂದಿಲ್ಲ!"

ಸಾಕ್ಷಿ ಇನ್ನೊಂದು ಮರಿಯನ್ನು ಅಳತೆಪಟ್ಟಿಯ ಪಕ್ಕ ಇಟ್ಟಳು.

ಅಷ್ಟರಲ್ಲಿ ಗುರುಪುತ್ರಪ್ಪ ಹೊರಗೆ ಬಂದರು. ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ. ಹೊಸ್ತಿಲ ಮೇಲೆ ಸ್ವಲ್ಪ ಹೊತ್ತು ನಿಂತು ಮಗಳನ್ನೇ ನೋಡಿದರು. ಆಮೇಲೆ ಮಡಿ ಧೋತರ ಎತ್ತಿಕಟ್ಟಿ, ಅವಳ ಎದುರು ಕುಕ್ಕರುಗಾಲಲ್ಲಿ ಕುಳಿತರು.

"ಅಯ್ಯ, ಜಳಕ ಆಗೇತ್ರಿ ನಿಮ್ಮದು!" ಗಂಗಾದೇವಿ ಕೂಗಿದಳು.

"ಮತ್ತ ಮಾಡತೀನಿ ಬಿಡು."

ಡಬ್ಬಿಯಿಂದ ಒಂದು ಮರಿ ಎತ್ತಿಕೊಂಡು, ಮುರಿಯದ ಹಾಗೆ ಅದರ ಬಾಲವನ್ನು ಹೆಬ್ಬೆರಳಿನಿಂದ ಮೆಲ್ಲಗೆ ನೆಟ್ಟಗೆ ಮಾಡಿ, ಅಳತೆಪಟ್ಟಿಗೆ ತಾಗಿಸಿ ಹಿಡಿದರು.

"ಹೂಂ, ಬರಕೋ ಯವ್ವಾ," ಎಂದರು.